ಏಳುಮನೆ ಮಲೆನಾಡಿನದೇ, ‘ನಮ್ಮದಲ್ಲ’ ಅನ್ನಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ನಿಮ್ಮ ಪತ್ರಿಕೆಯ ಕಟ್ಟು ಬೆಳಗಿನ ಬಸ್ಸಿಗೆ ಬರುತ್ತದೆ. ನಾನೇ ಹೋಗಿ ಇಳಿಸಿಕೊಂಡು ಬರುತ್ತೇನೆ. ಇಷ್ಟು ವರ್ಷ ಓದಿದ್ದೇನೆ, ಬರೆದಿದ್ದು ಇದೇ ಮೊದಲು. ಆರು ಮಕ್ಕಳ ಪರವಾಗಿ ಬರೆಯುತ್ತಿದ್ದೇನೆ. ಅವರು ಸೇರಿ ಬರೆದ ‘ಏಳುಮನೆ’ಯ ಕಥೆಯನ್ನು ಒಂದು ಸ್ಪರ್ಧೆಯವರು ‘ಮಲೆನಾಡಿನ ಕಥೆ ಅಲ್ಲ’ ಅಂತ ವಾಪಸ್ ಕಳಿಸಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾದರೂ ಓದಿ.

ಕಳೆದ ಮಳೆಗಾಲದಲ್ಲಿ ಶಾಲೆಗೆ ರಜೆ ಮೇಲೆ ರಜೆ. ನಮ್ಮ ಕಡೆ ಜುಲೈ ತಿಂಗಳ ಮಳೆ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಮನೆಯಲ್ಲಿ ಕೂತು ಬೇಜಾರಾದ ಮಕ್ಕಳು ಕಂಬಳಿಕೊಪ್ಪೆ ಹಾಕಿಕೊಂಡು ಗ್ರಂಥಾಲಯಕ್ಕೆ ಬಂದು ಕೂರುತ್ತಿದ್ದರು. ಆರೇಳನೇ ಕ್ಲಾಸಿನ ನಾಲ್ವರು, ಎಂಟನೇ ಕ್ಲಾಸಿನ ಇಬ್ಬರು. ಒಂದು ಮಧ್ಯಾಹ್ನ ಅವರಿಗೆ ಟ್ರಾಪಿಸ್ಟ್-1 ಅನ್ನುವ ನಕ್ಷತ್ರದ ಬಗ್ಗೆ ಓದಿ ಹೇಳಿದೆ. ನಮ್ಮಿಂದ ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿರುವ, ಅಂದರೆ ಬೆಳಕು ಬಂದು ಮುಟ್ಟಲು 40 ವರ್ಷ ಬೇಕಾಗುವಷ್ಟು ದೂರದ ಒಂದು ಸಣ್ಣ ಕೆಂಪು ನಕ್ಷತ್ರ ಅದು. ಅದರ ಸುತ್ತ ಹೆಚ್ಚುಕಮ್ಮಿ ಭೂಮಿಯಷ್ಟೇ ದೊಡ್ಡದಾದ ಏಳು ಗ್ರಹಗಳಿವೆ ಅಂತ 2017ರ ಫೆಬ್ರುವರಿಯಲ್ಲಿ ವಿಜ್ಞಾನಿಗಳು ಹೇಳಿದರು.

ಬರೀ ಓದಿದರೆ ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ನೆಲದ ಮೇಲೆ ಮಾಡಿ ನೋಡಿದೆವು. ಒಂದು ಗ್ರಹ ಅಂದರೆ ಒಂದು ಕಾಳುಮೆಣಸು. ಆ ಲೆಕ್ಕಕ್ಕೆ ನಕ್ಷತ್ರ ಒಂದು ಸಣ್ಣ ಕಿತ್ತಳೆ ಹಣ್ಣಿನಷ್ಟಾಗುತ್ತದೆ. ಕಿತ್ತಳೆಯನ್ನು ಬಾಗಿಲ ಹತ್ತಿರ ಇಟ್ಟೆವು. ಮೊದಲನೇ ಮೆಣಸು ಅಲ್ಲಿಂದ ಎರಡು ಅಡಿಗೆ, ನಾಲ್ಕನೆಯದು ಹತ್ತಿರಹತ್ತಿರ ಆರು ಅಡಿಗೆ, ಏಳನೆಯದು ಹನ್ನೆರಡು ಅಡಿಗೆ. ಇಡೀ ಸಂಸಾರ ನಮ್ಮ ಗ್ರಂಥಾಲಯದ ಕೋಣೆಯೊಳಗೇ ಹಿಡಿಸಿತು! ಅದೇ ಲೆಕ್ಕದಲ್ಲಿ ನಮ್ಮ ಸೂರ್ಯನನ್ನು ಇಡಬೇಕೆಂದರೆ ಬಚ್ಚಲ ಹಂಡೆಯಷ್ಟು ದೊಡ್ಡದು ಬೇಕು. ಅಲ್ಲಿಂದ ಭೂಮಿ ಅನ್ನುವ ಮೆಣಸಿಗೆ ಸುಮಾರು 60 ಮೀಟರ್, ಅಂದರೆ ರಸ್ತೆ ದಾಟಿ ಹಾಲಿನ ಡೇರಿ ಹತ್ತಿರ ಹೋಗಬೇಕು. ಹಾಗಾದರೆ ಇಲ್ಲಿಂದ ಆ ಕಿತ್ತಳೆ ಎಷ್ಟು ದೂರ ಅಂತ ಒಬ್ಬ ಕೇಳಿದ. ಕ್ಯಾಲ್ಕುಲೇಟರ್ ಹಿಡಿದು ಕೂತೆವು. ಒಂದೂವರೆ ಲಕ್ಷ ಕಿಲೋಮೀಟರ್ ಬಂತು. ಈ ಭೂಮಿಯನ್ನೇ ಹತ್ತಿರಹತ್ತಿರ ನಾಲ್ಕು ಸುತ್ತು ಬಂದಷ್ಟು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಅವರೇ ಹೆಸರಿಡಲು ಶುರು ಮಾಡಿದರು. ನಾನು ಒಂದನ್ನೂ ಹೇಳಿಕೊಡಲಿಲ್ಲ. ನಕ್ಷತ್ರಕ್ಕೂ ಅದರ ಗ್ರಹಗಳಿಗೂ ಸೇರಿಸಿ ‘ಏಳುಮನೆ’. ಎಲ್ಲಕ್ಕಿಂತ ಒಳಗಿರುವ, ಸುಡುವ ಗ್ರಹ ‘ಒಲೆ’. ಅದರಾಚೆಗೆ ‘ಬಚ್ಚಲು’, ‘ನಡುಮನೆ’, ‘ಜಗಲಿ’, ‘ಅಂಗಳ’, ‘ಹಿತ್ತಲು’. ಕೊನೆಯ ತಣ್ಣಗಿನ ಗ್ರಹ ‘ಬ್ಯಾಣ’, ಅಂದರೆ ಮನೆಯಾಚೆಯ ಹುಲ್ಲುಗಾವಲು. ಒಲೆಗೆ ಗಾಳಿಯೇ ಇಲ್ಲದಿರಬಹುದು ಅಂತ ಜೇಮ್ಸ್ ವೆಬ್ ದೂರದರ್ಶಕ ಕಂಡುಕೊಂಡಿದೆ. ಅದನ್ನು ಹೇಳಿದ್ದಕ್ಕೆ ಅಲ್ಲಿ ಯಾರನ್ನೂ ಕೂರಿಸಲಿಲ್ಲ. ನೀರು ನೀರಾಗಿಯೇ ಇರಬಹುದಾದಷ್ಟು ಬಿಸಿ ಇರುವುದು ನಾಲ್ಕು, ಐದು, ಆರನೇ ಗ್ರಹಗಳಲ್ಲಿ ಅನ್ನುತ್ತಾರೆ. ಮಕ್ಕಳ ಲೆಕ್ಕದಲ್ಲಿ ಅವು ಜಗಲಿ, ಅಂಗಳ, ಹಿತ್ತಲು. ಜನ ಅಲ್ಲೇ ಇರಲಿ ಅಂದರು. ಹೋಗಿ ಸೇರಲು ತಲೆಮಾರುಗಟ್ಟಲೆ ಹಡಗಿನಲ್ಲೇ ಹುಟ್ಟಿ ಹಡಗಿನಲ್ಲೇ ಸತ್ತರು ಅಂತ ಎರಡು ಪುಟದಲ್ಲಿ ಮುಗಿಸಿದ್ದಾರೆ. ಅವರಿಗೆ ಬೇಕಾಗಿದ್ದು ಪ್ರಯಾಣ ಅಲ್ಲ. ಊರು.

ಆ ಊರು ಕಟ್ಟಿದ ರೀತಿ ನೋಡಿ. ಇಂಥ ಗ್ರಹಗಳು ಹೆಚ್ಚಾಗಿ ಒಂದೇ ಮಗ್ಗುಲನ್ನು ನಕ್ಷತ್ರಕ್ಕೆ ತೋರಿಸಿಕೊಂಡು ಸುತ್ತುತ್ತವೆ ಅಂತ ವಿಜ್ಞಾನಿಗಳ ಲೆಕ್ಕ. ಅಂದರೆ ಒಂದು ಕಡೆ ಯಾವಾಗಲೂ ಹಗಲು, ಇನ್ನೊಂದು ಕಡೆ ಯಾವಾಗಲೂ ರಾತ್ರಿ. ಹಾಗಾಗಿ ಇವರ ಊರು ಎರಡರ ನಡುವಿನ ಪಟ್ಟಿಯಲ್ಲಿದೆ. ಅಲ್ಲಿ ಸದಾ ಮುಸ್ಸಂಜೆ, ಸದಾ ಕೆಂಪು ಬೆಳಕು. ಏನು ಬೆಳೆಯುತ್ತೀರಿ ಅಂತ ಕೇಳಿದೆ. ‘ಅಡಿಕೆ ಮರದ ನೆರಳಲ್ಲಿ ಏಲಕ್ಕಿ ಬರೋದಿಲ್ವಾ ಅಕ್ಕ? ಕೆಸು ಬರೋದಿಲ್ವಾ?’ ಅಂತ ತಕ್ಷಣ ಉತ್ತರ ಬಂತು. ತೋಟದ ಮಕ್ಕಳು, ನೆರಳಿನ ಬೆಳೆ ಯಾವುದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಬ್ಬಳು ಮಾತ್ರ ಬಹಳ ಹೊತ್ತು ಯೋಚಿಸಿ ಕೇಳಿದಳು: ‘ಅಲ್ಲಿ ಭೂಮಿ ಹುಣ್ಣಿಮೆ ಹೇಗೆ ಮಾಡ್ತಾರೆ? ಭೂಮಿನೂ ಇಲ್ಲ, ಹುಣ್ಣಿಮೆನೂ ಇಲ್ಲ.’ ಅದಕ್ಕೆ ಎರಡು ದಿನ ಚರ್ಚೆ ನಡೆಯಿತು. ಕೊನೆಗೆ, ಪೈರು ಹೊಡೆ ತುಂಬಿದ ದಿನವೇ ಹಬ್ಬ, ಆಕಾಶ ನೋಡುವುದು ಬೇಡ ಅಂತ ತೀರ್ಮಾನವಾಯಿತು. ಹೆಸರು ಮಾತ್ರ ಭೂಮಿ ಹುಣ್ಣಿಮೆ ಅಂತಲೇ ಇರಲಿ ಅಂದರು.

ಇಲ್ಲಿಯವರೆಗೆ ಬಂದ ಕಥೆಯೊಳಗೆ ಯುದ್ಧ ಹೇಗೆ ಬಂತು ಅಂತ ಹೇಳಬೇಕು. ಅದೇ ನನ್ನ ಪತ್ರದ ಮುಖ್ಯ ವಿಷಯ.

ನಮ್ಮ ತಾಲ್ಲೂಕಿನಲ್ಲೇ ನಗರ ಅನ್ನುವ ಊರಿನ ಕೋಟೆ ಇದೆ. ಶಾಲೆಯಿಂದ ಎಲ್ಲರೂ ಒಂದಲ್ಲ ಒಂದು ಸಲ ಹೋಗಿರುತ್ತಾರೆ. ಕೆಳದಿ ಅರಸರ ಕಾಲದಲ್ಲಿ ಅದು ಬಿದನೂರು. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ. 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ವಾಪಸ್ ತೆಗೆದುಕೊಂಡ. ಒಂದೇ ವರ್ಷದಲ್ಲಿ ಎರಡು ಸಲ ಕೈ ಬದಲಾಯಿತು. ‘ಆಗ ಊರೊಳಗಿದ್ದವರು ಏನು ಮಾಡ್ತಿದ್ರು?’ ಅಂತ ಒಬ್ಬ ಹುಡುಗ ಕೇಳಿದ. ಪಾಠದಲ್ಲಿ ರಾಜರು ಏನು ಮಾಡಿದರು ಅಂತ ಇರುತ್ತದೆ. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋದವರು ಏನು ಮಾಡಿದರು ಅಂತ ಇರುವುದಿಲ್ಲ. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ ಈಸೂರಿನ ಮಾತು ಬಂತು. ನಮ್ಮದೇ ಜಿಲ್ಲೆ, ಶಿಕಾರಿಪುರ ತಾಲ್ಲೂಕು. 1942ರ ಸೆಪ್ಟೆಂಬರ್‌ನಲ್ಲಿ ಇಡೀ ಊರು ತಾನು ಸ್ವತಂತ್ರ ಅಂತ ಸಾರಿತು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿದರು. ಕಂದಾಯ ಕೊಡುವುದಿಲ್ಲ ಅಂದರು. ಊರಿಗೆ ತಮ್ಮದೇ ಅಮಲ್ದಾರ (ಈಗಿನ ತಹಶೀಲ್ದಾರ), ತಮ್ಮದೇ ಸಬ್ ಇನ್‌ಸ್ಪೆಕ್ಟರ್ ಅಂತ ಹುಡುಗರನ್ನೇ ನೇಮಿಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನುವ ಮಾತು ನಮ್ಮ ಕಡೆ ಈಗಲೂ ಚಾಲ್ತಿಯಲ್ಲಿದೆ. ಸರ್ಕಾರದವರು ಬಂದಾಗ ಗಲಾಟೆಯಾಗಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಸೈನ್ಯ ಬಂತು. ಜನ ಕಾಡು ಸೇರಿದರು. ಮನೆಗಳು ಲೂಟಿಯಾದವು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು.

ಇದನ್ನು ಹೇಳಿ ಮುಗಿಸಿದಾಗ ಮಕ್ಕಳು ಐದು ಜನರ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಿದರು. ಆದರೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. ಆ ಅಮಲ್ದಾರರ ಮನೆಯಲ್ಲಿ ಆವತ್ತು ರಾತ್ರಿ ಯಾರಾದರೂ ಊಟಕ್ಕೆ ಕಾಯುತ್ತಿದ್ದರಾ ಅಂತ.

ಅಲ್ಲಿಂದಲೇ ಏಳುಮನೆಗೆ ಯುದ್ಧ ಬಂತು ಸ್ವಾಮಿ. ಟಿವಿಯಿಂದ ಬಂದಿದ್ದಲ್ಲ, ಮೊಬೈಲ್ ಗೇಮಿನಿಂದ ಬಂದಿದ್ದಲ್ಲ.

ಕಥೆಯಲ್ಲಿ ಬೇರೆ ಯಾವುದೋ ಎರಡು ನಕ್ಷತ್ರದವರಿಗೆ ಜಗಳ. ಏಳುಮನೆ ಅವರ ದಾರಿಯಲ್ಲಿದೆ. ಹಿತ್ತಲು ಗ್ರಹದಲ್ಲಿ ಬೇಕಾದಷ್ಟು ಹಿಮಗಡ್ಡೆ. ನೀರನ್ನು ಒಡೆದರೆ ಹೈಡ್ರೋಜನ್, ಆಕ್ಸಿಜನ್ ಸಿಗುತ್ತದೆ, ರಾಕೆಟ್ಟಿಗೆ ಅದೇ ಇಂಧನ. ಆ ನೀರಿಗಾಗಿ ಒಬ್ಬರು ಬಂದು ಕೂತುಬಿಡುತ್ತಾರೆ. ಬಂದವರು ಮೊದಲು ಬಂದೂಕು ಎತ್ತುವುದಿಲ್ಲ. ಗಡಿಯಾರ ಬದಲಿಸುತ್ತಾರೆ. ಜಗಲಿಯವರಿಗೆ ಸೂರ್ಯೋದಯ ಇಲ್ಲವಲ್ಲ, ಆಕಾಶದಲ್ಲಿ ಅಂಗಳ ಗ್ರಹ ಎಲ್ಲಿದೆ ಅಂತ ನೋಡಿ ಹೊತ್ತು ಹೇಳುತ್ತಿದ್ದರು. ಅದು ಬೇಡ, ನಮ್ಮ ಗಂಟೆಯೇ ನಿಮ್ಮ ಗಂಟೆ ಅನ್ನುತ್ತಾರೆ ಬಂದವರು. ಇದಕ್ಕೆ ಮಾತ್ರ ನಾನು ಕಾರಣ. ಈಸೂರಿನ ಅದೇ 1942ರಲ್ಲಿ ಜಪಾನಿನವರು ಸಿಂಗಪುರ ಹಿಡಿದಾಗ ಅಲ್ಲಿನ ಗಡಿಯಾರವನ್ನು ಟೋಕಿಯೊ ಸಮಯಕ್ಕೆ ತಿರುಗಿಸಿದ್ದರು, ಊರಿನ ಹೆಸರನ್ನೇ ಶೋನಾನ್ ಅಂತ ಬದಲಿಸಿದ್ದರು ಅಂತ ಹೇಳಿದ್ದೆ. ಮಕ್ಕಳು ಹೆಸರಿನ ಸಂಗತಿಯನ್ನೂ ಬಿಡಲಿಲ್ಲ. ಕಥೆಯಲ್ಲಿ ಒಲೆ, ಬಚ್ಚಲು, ನಡುಮನೆ ಎಲ್ಲ ಹೋಗಿ ಒಂದು, ಎರಡು, ಮೂರು ಆಗುತ್ತವೆ. ಜಗಲಿ ಅಂದರೆ ದಂಡ, ‘ನಾಲ್ಕು’ ಅನ್ನಬೇಕು.

ಕಂದಾಯದ ಭಾಗವನ್ನು ಎಂಟನೇ ಕ್ಲಾಸಿನ ಹುಡುಗ ಬರೆದದ್ದು. ವರ್ಷಕ್ಕೊಮ್ಮೆ ಕಂದಾಯ ಕಟ್ಟಬೇಕು ಅಂತ ಬಂದವರು ಹುಕುಂ ಹೊರಡಿಸುತ್ತಾರೆ. ಜನ ಒಪ್ಪುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಅಲ್ಲಿ ಒಂದು ವರ್ಷ ಅಂದರೆ ನಮ್ಮ ಆರು ದಿನ! ನಿಜಕ್ಕೂ ಟ್ರಾಪಿಸ್ಟ್-1ರ ನಾಲ್ಕನೇ ಗ್ರಹ ಸುಮಾರು ಆರು ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ. ಅಂದರೆ ನಮ್ಮ ಒಂದು ವರ್ಷದೊಳಗೆ 60 ಸಲ ಕಂದಾಯ. ಆ ಹುಡುಗನ ಅಪ್ಪ ಸೊಸೈಟಿ ಸಾಲದ ಬಡ್ಡಿಯನ್ನು ಕ್ಯಾಲೆಂಡರ್ ಹಿಂಭಾಗದಲ್ಲಿ ಲೆಕ್ಕ ಹಾಕುವುದನ್ನು ನಾನು ನೋಡಿದ್ದೇನೆ. ಇವನೂ ಹಾಗೇ ಕ್ಯಾಲೆಂಡರ್ ಹಿಂಭಾಗದಲ್ಲೇ 60 ಕಂತನ್ನೂ ಬರೆದು ಕೂಡಿದ್ದ.

ಇಡೀ ಕಥೆಯಲ್ಲಿ ಗುಂಡು ಹಾರುವುದು ಒಂದೇ ಸಲ. ಅದು ಹೋಗಿ ಬೀದಿಯ ನೀರಿನ ಹಂಡೆಗೆ ತಗಲುತ್ತದೆ. ಸೋರುವ ನೀರಿಗೆ ಎಲ್ಲರೂ ಕೊಡ ಹಿಡಿದು ಓಡುತ್ತಾರೆ. ಗುಂಡು ಹಾರಿಸಿದ ಸೈನಿಕನೂ ತನ್ನ ಟೋಪಿ ಹಿಡಿದು ಓಡುತ್ತಾನೆ.

ಆ ಸೈನಿಕನ ಬಗ್ಗೆ ಹೇಳಿಯೇ ಹೇಳಬೇಕು. ಪ್ರತಿ ಮನೆಯ ಜಗಲಿಯಲ್ಲಿ ಒಬ್ಬೊಬ್ಬ ಸೈನಿಕ ಇರಬೇಕು, ಮನೆಯವರೇ ಊಟ ಹಾಕಬೇಕು ಅಂತ ಆಜ್ಞೆ. ಕಥೆಯ ಹುಡುಗಿಯ ಮನೆಗೆ ಬಂದವನು ಇನ್ನೂ ಮೀಸೆ ಬಾರದ ಹುಡುಗ. ಅಮಲ್ದಾರರ ಮನೆಯ ಊಟದ ಬಗ್ಗೆ ಕೇಳಿದ ಆರನೇ ಕ್ಲಾಸಿನವಳೇ ಈ ಭಾಗ ಬರೆದಿದ್ದಾಳೆ. ಅವಳ ಕೈಬರಹದಲ್ಲಿ ಇದ್ದ ಹಾಗೇ ಕೊಡುತ್ತೇನೆ: ‘ಅಜ್ಜಿ ಅವನಿಗೆ ಎಲೆ ಹಾಕಿದಳು. ಗಂಜಿ ಬಡಿಸಿದಳು. ಉಪ್ಪಿನಕಾಯಿಯನ್ನೂ ಬಡಿಸಿದಳು. ಆದರೆ ಇನ್ನು ಸ್ವಲ್ಪ ಹಾಕ್ಲಾ ಅಂತ ಕೇಳಲಿಲ್ಲ.’

ಸಂಪಾದಕರೇ, ಮಲೆನಾಡಿನಲ್ಲಿ ಉಂಡವರಿಗೆ ಈ ಮಾತಿನ ಭಾರ ಗೊತ್ತು. ನಮ್ಮಲ್ಲಿ ಗುರುತಿಲ್ಲದವರು ಬಂದರೂ ಬಡಿಸಿ ಸುಮ್ನೆ ಇರುವುದಿಲ್ಲ. ಸಾಕು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರೂ ಒಂದು ಸೌಟು ಹಾಕಿಯೇ ಹಾಕುತ್ತಾರೆ. ಆ ಅಜ್ಜಿ ಅನ್ನ ಹಾಕುವ ಧರ್ಮ ಬಿಡಲಿಲ್ಲ, ಆದರೆ ಉಪಚಾರ ಮಾತ್ರ ಮಾಡಲಿಲ್ಲ. ಬೇರೆಯವರ ಹಿಡಿತದಲ್ಲಿ ಬದುಕುವುದು ಅಂದರೆ ಏನು ಅಂತ ಹನ್ನೊಂದು ವರ್ಷದ ಹುಡುಗಿ ಒಂದು ಎಲೆಯ ಮುಂದೆ ತೋರಿಸಿದ್ದಾಳೆ. ಓದಿ ನಾನು ಹೊರಗೆ ಹೋಗಿ ಸ್ವಲ್ಪ ಹೊತ್ತು ಮಳೆ ನೋಡುತ್ತಾ ನಿಂತೆ.

ಈ ಕಥೆಯನ್ನು 32 ಪುಟ ಚೆಂದಕ್ಕೆ ಬರೆಸಿ ಒಂದು ಕಥಾ ಸ್ಪರ್ಧೆಗೆ ಕಳಿಸಿದೆವು. ನಡೆಸಿದವರು ಯಾರು ಅಂತ ಹೇಳುವುದಿಲ್ಲ, ಅವರ ಮೇಲೆ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. ಎರಡು ತಿಂಗಳ ಮೇಲೆ ವಾಪಸ್ ಬಂತು. ಮೊದಲ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಎರಡು ಸಾಲು: ‘ಮಲೆನಾಡಿನ ಕಥೆ ಅಲ್ಲ. ಮಕ್ಕಳು ತಮ್ಮ ಅನುಭವಕ್ಕೆ ಬಂದದ್ದನ್ನು ಬರೆಯಲಿ.’ ಒಳಗಿನ ಪುಟಗಳಲ್ಲಿ ಒಂದು ಗುರುತೂ ಇಲ್ಲ. ಓದಿದ್ದಾರೋ ಇಲ್ಲವೋ ಅನ್ನುವುದು ಅವರಿಗೆ ಬಿಟ್ಟದ್ದು. ಮಕ್ಕಳು ಅಳಲಿಲ್ಲ, ಜಗಳ ಆಡಲಿಲ್ಲ. ಅಜ್ಜಿಯ ಭಾಗ ಬರೆದವಳು ಕಟ್ಟನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿ ನಿಘಂಟುಗಳ ಹಿಂದೆ ಇಟ್ಟಳು. ಅವತ್ತಿನಿಂದ ಗ್ರಂಥಾಲಯಕ್ಕೆ ಬರುವುದನ್ನೂ ಕಡಿಮೆ ಮಾಡಿದ್ದಾಳೆ.

ನನಗೆ ನೋವಾಗಿದ್ದು ಬಹುಮಾನ ಬರಲಿಲ್ಲ ಅಂತ ಅಲ್ಲ. ಅನುಭವ ಅಂದರೆ ಏನು ಅಂತ ದೊಡ್ಡವರು ಇಷ್ಟು ಸಣ್ಣದಾಗಿ ತಿಳಿದಿದ್ದಾರಲ್ಲ ಅಂತ. ಮಲೆನಾಡಿನ ಮಕ್ಕಳು ಅಂದರೆ ಮಳೆ, ಜಲಪಾತ, ನವಿಲು ಇಷ್ಟನ್ನೇ ಬರೆಯಬೇಕಾ? ಜೋಗಕ್ಕೆ ಪ್ರವಾಸ ಬಂದವರೂ ಅದನ್ನು ಬರೆಯುತ್ತಾರೆ.

ನನ್ನ ಮನೆಯ ಒಂದು ಸಂಗತಿ ಹೇಳುತ್ತೇನೆ. ನನ್ನ ಅಜ್ಜಿಯ ಊರು ಶರಾವತಿ ಮುಳುಗಡೆಗೆ ಹೋಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ಊರು ಬಿಡುವಾಗ ಅಜ್ಜಿ ಒಲೆಯ ಒಂದು ಗುಂಡುಕಲ್ಲನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಈಗಲೂ ನಮ್ಮ ಹಿತ್ತಲ ಬಾಗಿಲಿಗೆ ಅದೇ ಒತ್ತುಗಲ್ಲು. ಮುಳುಗಡೆಯನ್ನು ನಾನು ಪರದೇಶದವರ ದಾಳಿಗೆ ಹೋಲಿಸುವುದಿಲ್ಲ. ಕಟ್ಟಿದ್ದು ನಮ್ಮದೇ ಸರ್ಕಾರ, ನಾಡಿಗೆ ಕರೆಂಟ್ ಬಂತು, ಎರಡೂ ಬೇರೆ ಬೇರೆ. ಆದರೆ ನಮ್ಮ ನೀರಿಗಾಗಿ ಯಾರೋ ಬಂದು ಅಳತೆ ಮಾಡುವುದು, ಊರಿನ ಹೆಸರು ಕಾಗದದಲ್ಲಿ ನಂಬರ್ ಆಗುವುದು, ಹೊಸ ಜಾಗದ ಹಕ್ಕುಪತ್ರಕ್ಕೆ ತಲೆಮಾರುಗಟ್ಟಲೆ ಅಲೆಯುವುದು, ಇದೆಲ್ಲ ಈ ಮಕ್ಕಳ ಮನೆಯ ಊಟದ ಹೊತ್ತಿನ ಮಾತು. ಆರು ಮಕ್ಕಳಲ್ಲಿ ಮೂವರು ಮುಳುಗಡೆ ಮನೆಯವರು. ಹಿತ್ತಲು ಗ್ರಹದ ನೀರಿನ ಕಥೆ ಅವರಿಗೆ ಎಲ್ಲಿಂದ ಬಂತು ಅಂತ ನಾನು ಹೇಳಬೇಕಾ? ಕೆಲವು ಸಂಗತಿಯನ್ನು ಮಕ್ಕಳು ಇಲ್ಲೇ ಇಟ್ಟು ನೋಡಲು ಆಗುವುದಿಲ್ಲ. ಅಜ್ಜಿಯ ಕಣ್ಣಲ್ಲಿ ನೀರು ಬರುತ್ತದೆ, ಅಪ್ಪ ಸುಮ್ನಿರು ಅನ್ನುತ್ತಾರೆ. 40 ಜ್ಯೋತಿರ್ವರ್ಷ ಆಚೆ ಇಟ್ಟರೆ ಧೈರ್ಯವಾಗಿ ನೋಡಬಹುದು.

ಇನ್ನೊಂದು ಭಾಗ ಹೇಳದೆ ಇರಲು ಮನಸ್ಸು ಬರುತ್ತಿಲ್ಲ. ಕಥೆಯ ಕೊನೆಯ ಹೊತ್ತಿಗೆ, ಯಾರೂ ದೀಪ ಹಚ್ಚಬಾರದು ಅಂತ ಬಂದವರು ತಡೆಯುತ್ತಾರೆ. ಆಗ ಜಗಲಿಯ ಜನ ಅಂಟಿಗೆ-ಪಂಟಿಗೆ ಹೊರಡುತ್ತಾರೆ. ದೀಪಾವಳಿ ರಾತ್ರಿ ನಮ್ಮಲ್ಲಿ ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುತ್ತಾರಲ್ಲ, ಅದೇ. ಆ ದೀಪ ಆರಬಾರದು, ಪ್ರತಿ ಮನೆಯವರೂ ಎಣ್ಣೆ ಹಾಕಬೇಕು. ಮಕ್ಕಳ ಕಥೆಯಲ್ಲಿ ಕತ್ತಲೆಯ ಮಗ್ಗುಲಿನ ಗುಡ್ಡಕ್ಕೆ ದೀಪ ಒಯ್ದು, ದೊಡ್ಡ ಕನ್ನಡಿ ಹಿಡಿದು ಪಕ್ಕದ ಗ್ರಹಕ್ಕೆ ಬೆಳಕು ಬಿಡುತ್ತಾರೆ. ಆ ಗ್ರಹಗಳು ಎಷ್ಟು ಹತ್ತಿರ ಅಂದರೆ ಒಂದರಿಂದ ನೋಡಿದರೆ ಇನ್ನೊಂದು ನಮ್ಮ ಚಂದ್ರನಷ್ಟು, ಕೆಲವೊಮ್ಮೆ ಇನ್ನೂ ದೊಡ್ಡದಾಗಿ ಕಾಣಬೇಕು. ಹತ್ತಿರ ಬಂದಾಗ ಜಗಲಿಯ ಬೆಳಕು ಐದು ಸೆಕೆಂಡಿನೊಳಗೆ ಅಂಗಳ ಮುಟ್ಟುತ್ತದೆ. ಭೂಮಿಗೆ ಮುಟ್ಟಲು 40 ವರ್ಷ. ಹಾಗಾಗಿ ಭೂಮಿಯವರು ಇನ್ನೂ ಏಳುಮನೆ ಚೆನ್ನಾಗಿದೆ ಅಂದುಕೊಂಡೇ ಇರುತ್ತಾರೆ. ಸಹಾಯ ಬರುವುದಾದರೆ ಪಕ್ಕದ ಮನೆಯಿಂದ ಬರಬೇಕು ಅಂತ ಒಬ್ಬ ಹುಡುಗ ಬರೆದಿದ್ದಾನೆ. ಅವನ ಅಪ್ಪ ಪ್ರತಿ ವರ್ಷ ಅಂಟಿಗೆ-ಪಂಟಿಗೆ ತಂಡದಲ್ಲಿ ದೀಪ ಹಿಡಿಯುವವರು.

ಇದು ಮಲೆನಾಡಿನ ಕಥೆ ಅಲ್ಲ ಅಂದರೆ ಮತ್ತೆ ಯಾವುದು?

ನನ್ನ ಕೋರಿಕೆ ಇಷ್ಟೇ. ನಿಮ್ಮ ಮಕ್ಕಳ ಪುಟದಲ್ಲಿ ಈ ಕಥೆಗೆ ಜಾಗ ಕೊಡಿ, ವಾರ ವಾರ ತುಂಡಾಗಿ ಹಾಕಿದರೂ ಸರಿ. ಊರೂರಿನ ಗ್ರಂಥಾಲಯಗಳಲ್ಲಿ ಇಂಥ ಮಕ್ಕಳು ಇನ್ನೂ ಇರುತ್ತಾರೆ, ಅವರಿಗೂ ಬರೆಯಲು ಹೇಳಿ. ಸ್ಪರ್ಧೆ ನಡೆಸುವವರು, ಮೇಷ್ಟ್ರುಗಳು ಈ ಪತ್ರ ಓದಿದರೆ, ಕಥೆ ಎಲ್ಲಿ ನಡೆಯುತ್ತದೆ ಅಂತ ನೋಡಿ ಪಕ್ಕಕ್ಕೆ ಇಡಬೇಡಿ, ಒಳಗೆ ಯಾರ ಮನೆಯ ಅಜ್ಜಿ ಕೂತಿದ್ದಾಳೆ ಅಂತ ಓದಿ ನೋಡಿ ಅಂತ ಕೈಮುಗಿದು ಕೇಳುತ್ತೇನೆ.

ಕಥೆಯ ಪ್ರತಿಯನ್ನು ಪತ್ರದ ಜೊತೆ ಇಟ್ಟಿದ್ದೇನೆ. ನಿಘಂಟಿನ ಹಿಂದಿನಿಂದ ತೆಗೆಯುವ ಮೊದಲು ಆ ಹುಡುಗಿಯ ಮನೆಗೆ ಹೋಗಿ ಕೇಳಿ, ಅವಳು ಹೂಂ ಅಂದ ಮೇಲೇ ಜೆರಾಕ್ಸ್ ಮಾಡಿಸಿದ್ದು. ಹನ್ನೊಂದನೇ ಪುಟಕ್ಕೆ ಮಳೆ ಹನಿ ಬಿದ್ದು ಎರಡು ಸಾಲು ಮಸುಕಾಗಿದೆ, ಅವನ್ನು ಪಕ್ಕದಲ್ಲಿ ನಾನೇ ಮತ್ತೆ ಬರೆದಿದ್ದೇನೆ. ಜಾಗ ಸಾಲದಿದ್ದರೆ ಕಡಿಮೆ ಮಾಡಿ, ತಪ್ಪಿದ್ದರೆ ತಿದ್ದಿ. ಆದರೆ ಮಕ್ಕಳು ಎರಡು ಮಾತು ಹೇಳಿ ಕಳಿಸಿದ್ದಾರೆ. ಅಜ್ಜಿ ‘ಇನ್ನು ಸ್ವಲ್ಪ ಹಾಕ್ಲಾ’ ಅಂತ ಕೇಳದ ಸಾಲನ್ನು ತೆಗೆಯಬಾರದು. ಗ್ರಹಗಳ ಹೆಸರನ್ನು ಬದಲಿಸಬಾರದು, ಜಗಲಿ ಜಗಲಿಯಾಗಿಯೇ ಇರಬೇಕು.

ಮಕ್ಕಳ ಹೆಸರು ಹಾಕುವುದು ಬೇಡ, ನನ್ನದೂ ಬೇಡ.

ಇಂತಿ ನಿಮ್ಮ ಓದುಗಾರ್ತಿ,
ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ